ವೈಫೈ ಚಾನೆಲ್ ಸ್ಕ್ಯಾನ್ ಮಾಡುವ ಕರ್ನೆಲ್ ಕೋಡ್‌ಗೆ ಬಂದ ಪ್ಯಾಚ್: ಪರಿಶೀಲಿಸುವವರು ಏನನ್ನು ನೋಡಬೇಕು?

ಎಡದಂಡೆ, ಗಂಗಾವತಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಗಂಗಾವತಿ ಮತ್ತು ಕಾರಟಗಿಯ ಕೆಲವು ರೈಸ್ ಮಿಲ್‌ಗಳಲ್ಲಿ ತೂಕದ ಕಾಟಾಗಳನ್ನು ಕಂಪ್ಯೂಟರ್‌ಗೆ ಜೋಡಿಸಿಕೊಡುವುದು ನನ್ನ ಕೆಲಸ. ತಳ್ಳುಗಾಡಿಯ ಮೇಲೆ ಕಾಟಾ ಇರುತ್ತದೆ, ಅದರ ಪಕ್ಕದಲ್ಲಿ ಲಿನಕ್ಸ್ ಹಾಕಿದ ಚಿಕ್ಕದೊಂದು ಕಂಪ್ಯೂಟರ್ ಇರುತ್ತದೆ. ಹಮಾಲರು ಚೀಲವನ್ನು ಕಾಟಾದ ಮೇಲಿಟ್ಟ ಕೂಡಲೇ ಅದರ ತೂಕ ವೈಫೈ ಮೂಲಕ ಆಫೀಸಿನ ಲೆಕ್ಕಕ್ಕೆ ಸೇರಬೇಕು. ಗಾಡಿಯು ಒಣಗಿಸುವ ಕಣದಿಂದ ಗೋಡೌನ್‌ನ ಒಳಕ್ಕೆ ಹೋಗುವಾಗ ಒಂದು ಆಕ್ಸೆಸ್ ಪಾಯಿಂಟ್ ಬಿಟ್ಟು ಇನ್ನೊಂದನ್ನು ಹಿಡಿಯಬೇಕಾಗುತ್ತದೆ. ಹೊಸದನ್ನು ಹುಡುಕಲು ಅದು ಸುಮಾರು ಹತ್ತು ಸೆಕೆಂಡ್ ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತು ಹಳೆಯ ಪಾಯಿಂಟ್‌ನ ಸಿಗ್ನಲ್ ಇದ್ದೂ ಇಲ್ಲದಂತಿರುವುದರಿಂದ ತೂಕ ಎಲ್ಲಿಗೂ ಹೋಗುವುದಿಲ್ಲ. ಹಮಾಲರು ಕಾಯುತ್ತ ನಿಲ್ಲುವವರಲ್ಲ, ಕಾಯಬೇಕಾದ ಅಗತ್ಯವೂ ಅವರಿಗಿಲ್ಲ. ಚೀಲ ಒಟ್ಟಿಲಿಗೆ ಸೇರಿಬಿಡುತ್ತದೆ, ಲೆಕ್ಕಕ್ಕೆ ಸೇರುವುದಿಲ್ಲ. ಚೀಲದ ಲೆಕ್ಕದಲ್ಲೇ ಕೂಲಿ ಇರುವುದರಿಂದ ಸಂಜೆ ಗುಮಾಸ್ತರಿಗೂ ಹಮಾಲರಿಗೂ ಮಾತಿಗೆ ಮಾತು ಬೆಳೆಯುತ್ತದೆ.

ನನ್ನ ಜೊತೆ ಕೆಲಸ ಮಾಡುವ ಹುಡುಗನೊಬ್ಬ ಇದನ್ನು ಮನಸ್ಸಿಗೆ ಹಚ್ಚಿಕೊಂಡು ಲಿನಕ್ಸ್‌ನ ತಿರುಳಾದ ಕರ್ನೆಲ್‌ನಲ್ಲಿ ವೈಫೈ ನೋಡಿಕೊಳ್ಳುವ ಮ್ಯಾಕ್80211 ಭಾಗದ ಸ್ಕ್ಯಾನ್ (ಆಕ್ಸೆಸ್ ಪಾಯಿಂಟ್ ಹುಡುಕುವ) ಕೋಡ್‌ಗೆ ಒಂದು ಪ್ಯಾಚ್, ಅಂದರೆ ತಿದ್ದುಪಡಿ, ಬರೆದಿದ್ದಾನೆ. ಅದರಲ್ಲಿ ಮೂರು ಬದಲಾವಣೆಗಳಿವೆ. ಸುಮ್ಮನೆ ಕೇಳುತ್ತ ಕೂರುವ ಚಾನೆಲ್‌ಗಳಲ್ಲಿ ನಿಲ್ಲುವ ಸಮಯ 'ಎಚ್‌ಝಡ್ / 9' (ಸುಮಾರು ಸೆಕೆಂಡ್‌ನ ಒಂಬತ್ತನೆಯ ಒಂದು ಭಾಗ) ಎಂದಿದ್ದುದನ್ನು 'ಎಚ್‌ಝಡ್ / 10' ಮಾಡಿದ್ದಾನೆ. ಸಂಪರ್ಕ ಇರುವಾಗ ರೇಡಾರ್ ಗುರುತು ಇರುವ (ರೇಡಾರ್‌ಗಳೂ ಬಳಸುವ) ಚಾನೆಲ್‌ಗಳನ್ನು ಸ್ಕ್ಯಾನ್ ಮಾಡದೆ ಬಿಟ್ಟಿದ್ದಾನೆ. ಹಿಂದಿನ ಸಲ ಆಕ್ಸೆಸ್ ಪಾಯಿಂಟ್ ಕಂಡ ಚಾನೆಲ್‌ಗಳನ್ನು ಒಂದು ಪಟ್ಟಿಯಲ್ಲಿ ನೆನಪಿಟ್ಟುಕೊಂಡು ಮೊದಲು ಅವನ್ನೇ ನೋಡುವಂತೆ ಮಾಡಿದ್ದಾನೆ. ಅವನ ಮೇಜಿನ ಮೇಲೆ ಹತ್ತು ಸೆಕೆಂಡ್‌ನ ಕೆಲಸ ಐದಕ್ಕಿಂತ ಕಡಿಮೆಯಲ್ಲಿ ಮುಗಿಯುತ್ತಿದೆ.

ನನಗೆ ಸಿ ಭಾಷೆ ಬರುತ್ತದೆ, ಆದರೆ ಕರ್ನೆಲ್ ಕೋಡ್‌ನ ಪರಿಶೀಲನೆಯನ್ನು ನಾನು ಎಂದೂ ಮಾಡಿದವನಲ್ಲ. ಓದಿದಾಗ ಮೂರೂ ಬದಲಾವಣೆಗಳು ಸರಿಯಾಗಿಯೇ ಕಾಣುತ್ತವೆ, ಮತ್ತು ಅದೇ ನನಗೆ ಭಯ. ಸುಗ್ಗಿ ಶುರುವಾದ ಮೇಲೆ ಮಿಲ್‌ನಲ್ಲಿ ನಿಂತು ತಪ್ಪು ಹುಡುಕಲು ಆಗುವುದಿಲ್ಲ. ಇಂಥ ಬದಲಾವಣೆಯನ್ನು ಯಾವ ಕ್ರಮದಲ್ಲಿ ನೋಡಬೇಕು ಎಂಬುದನ್ನು ತಿಳಿದವರು ಹೇಳಿಕೊಟ್ಟರೆ ಉಪಕಾರವಾಗುತ್ತದೆ.

ಕೋಟೆಗುಡ್ಡ, ಬಳ್ಳಾರಿ

ಸರ್, ಪ್ಯಾಚ್‌ನ ಒಳಗೆ ಹೋಗುವುದಕ್ಕೂ ಮೊದಲು ಆ ಕೋಡ್ ನಿಮ್ಮ ಗಾಡಿಗಳಲ್ಲಿ ಓಡುತ್ತದೆಯೇ ಎಂಬುದನ್ನು ಖಚಿತ ಮಾಡಿಕೊಳ್ಳಿ. ಕೆಲವು ವೈಫೈ ಕಾರ್ಡ್‌ಗಳಿಗೆ ಮ್ಯಾಕ್80211 ತಾನೇ ಒಂದೊಂದು ಚಾನೆಲ್‌ಗೆ ಕರೆದೊಯ್ದು ಸ್ಕ್ಯಾನ್ ಮಾಡಿಸುತ್ತದೆ, ಅಥ್9ಕೆ ಡ್ರೈವರ್‌ನ ಕಾರ್ಡ್‌ಗಳು ಸಾಮಾನ್ಯವಾಗಿ ಈ ಗುಂಪಿನವು. ಇಂಟೆಲ್‌ನ ಐಡಬ್ಲ್ಯೂಎಲ್-ವೈಫೈ ಡ್ರೈವರ್‌ನಂಥವು ಇಡೀ ಸ್ಕ್ಯಾನ್ ಅನ್ನು ಕಾರ್ಡ್‌ನ ಫರ್ಮ್‌ವೇರ್‌ಗೆ (ಕಾರ್ಡ್‌ನೊಳಗೇ ಓಡುವ ತಂತ್ರಾಂಶಕ್ಕೆ) ಒಪ್ಪಿಸಿಬಿಡುತ್ತವೆ. ಅಲ್ಲಿ ನೀವು ಎಚ್‌ಝಡ್‌ನ ಕೆಳಗೆ ಯಾವ ಅಂಕಿ ಹಾಕಿದರೂ ಫರ್ಮ್‌ವೇರ್‌ಗೆ ಅದರ ಸುದ್ದಿಯೇ ಇರುವುದಿಲ್ಲ. ಕರ್ನೆಲ್‌ನ ಟ್ರೇಸ್ ಸೌಲಭ್ಯ ಹಾಕಿ ಒಂದು ಸ್ಕ್ಯಾನ್ ಮಾಡಿಸಿದರೆ ಸಾಫ್ಟ್‌ವೇರ್ ಸ್ಕ್ಯಾನ್ ಶುರುವಾಯಿತೋ ಹಾರ್ಡ್‌ವೇರ್ ಸ್ಕ್ಯಾನ್ ಶುರುವಾಯಿತೋ ಎಂಬುದು ಹೆಸರು ಸಮೇತ ಕಾಣುತ್ತದೆ. ಹುಡುಗನ ಮೇಜಿನ ಮೇಲಿನ ಕಾರ್ಡ್ ಒಂದು, ಮಿಲ್‌ನ ಗಾಡಿಯಲ್ಲಿರುವ ಕಾರ್ಡ್ ಇನ್ನೊಂದು ಆಗಿದ್ದರೆ ಅವನ ಅಳತೆ ನಿಮ್ಮ ಉಪಯೋಗಕ್ಕೆ ಬರುವುದಿಲ್ಲ.

ಈಗ ಮೊದಲ ಬದಲಾವಣೆ. ಇದು ಬಹಳ ಜನ ಮಾಡುವ ತಪ್ಪು, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆಕ್ಸೆಸ್ ಪಾಯಿಂಟ್ ತಾನು ಇದ್ದೇನೆ ಎಂದು ಕೂಗಿ ಹೇಳುವ ಬೀಕನ್‌ನ ಅಂತರ ಸಾಮಾನ್ಯವಾಗಿ 100 ಎಂದಿರುತ್ತದೆ. ಆ ನೂರು ಮಿಲಿಸೆಕೆಂಡ್ ಅಲ್ಲ. ವೈಫೈ ಮಾನದಂಡದ ಕಾಲದ ಏಕಮಾನ 1024 ಮೈಕ್ರೋಸೆಕೆಂಡ್, ಹೀಗಾಗಿ ಎರಡು ಬೀಕನ್‌ಗಳ ನಡುವಿನ ಅಂತರ 102.4 ಮಿಲಿಸೆಕೆಂಡ್. ಎಚ್‌ಝಡ್ ಎಂದರೆ ಒಂದು ಸೆಕೆಂಡ್‌ಗೆ ಕರ್ನೆಲ್ ಎಣಿಸುವ ಟಿಕ್‌ಗಳ ಸಂಖ್ಯೆ, ಮತ್ತು ಅದರ ಭಾಗಾಕಾರದಲ್ಲಿ ದಶಾಂಶ ಉಳಿಯುವುದಿಲ್ಲ. ಎಚ್‌ಝಡ್ 1000 ಇದ್ದರೆ ಒಂಬತ್ತರಿಂದ ಭಾಗಿಸಿದಾಗ 111 ಟಿಕ್, ಅಂದರೆ 111 ಮಿಲಿಸೆಕೆಂಡ್. 250 ಇದ್ದರೆ 27 ಟಿಕ್, ಅಂದರೆ 108. 100 ಇದ್ದರೆ 11 ಟಿಕ್, ಅಂದರೆ 110. ಯಾವ ಲೆಕ್ಕ ಹಿಡಿದರೂ 102.4ಕ್ಕಿಂತ ಸ್ವಲ್ಪ ಮೇಲೆಯೇ ನಿಲ್ಲುತ್ತದೆ. ಹತ್ತರಿಂದ ಭಾಗಿಸಿದರೆ ಈ ಮೂರರಲ್ಲೂ ಸರಿಯಾಗಿ 100 ಬರುತ್ತದೆ, ಮತ್ತು ಒಂದು ಬೀಕನ್ ಮುಗಿದ ಮರುಕ್ಷಣವೇ ನಾವು ಆ ಚಾನೆಲ್‌ಗೆ ಹೋಗಿದ್ದರೆ ಮುಂದಿನ ಬೀಕನ್ ಬರುವ 2.4 ಮಿಲಿಸೆಕೆಂಡ್ ಮೊದಲೇ ಎದ್ದು ಹೋಗಿರುತ್ತೇವೆ. ಬರೀ ಗಣಿತದಲ್ಲೇ ಇದು ಸುಮಾರು 43 ಸಲಕ್ಕೆ ಒಂದು ಸಲ ತಪ್ಪುತ್ತದೆ. ಗಾಳಿಯಲ್ಲಿ ಬೇರೆ ಸಂಚಾರ ಇದ್ದಾಗ ಬೀಕನ್ ತನ್ನ ಸರದಿಗಾಗಿ ಕಾದು ತಡವಾಗಿ ಹೊರಡುವುದರಿಂದ, ಮಿಲ್ ಜೋರಾಗಿ ನಡೆಯುತ್ತಿರುವ ಹೊತ್ತಿನಲ್ಲಿ ಇನ್ನೂ ಹೆಚ್ಚು ತಪ್ಪುತ್ತದೆ. ಪರೀಕ್ಷೆಯಲ್ಲಿ ಸರಿಯಾಗಿ ನಡೆದು ಕೆಲಸದ ದಿನ ಕೈಕೊಡುವ ತಪ್ಪು ಇದು.

ಇಷ್ಟು ಅಪಾಯ ತೆಗೆದುಕೊಂಡು ಉಳಿಸಿದ್ದೆಷ್ಟು ಎಂದು ಕೇಳಿ. ಯಾವ ದೇಶದ ನಿಯಮವನ್ನೂ ಹಾಕದೆ ಬಿಟ್ಟರೆ ಕರ್ನೆಲ್ ಎಲ್ಲ ದೇಶಗಳಿಗೂ ಹೊಂದುವ ಅತಿ ಎಚ್ಚರಿಕೆಯ ನಿಯಮವನ್ನು ಪಾಲಿಸುತ್ತದೆ. ಅದರಂತೆ 1ರಿಂದ 11ರ ವರೆಗಿನ ಚಾನೆಲ್‌ಗಳಲ್ಲಿ ಮಾತ್ರ ತಾನಾಗಿ ಪ್ರೋಬ್ ('ಯಾರಿದ್ದೀರಿ?' ಎಂಬ ಕರೆ) ಕಳುಹಿಸಿ ಕೇಳುತ್ತದೆ. 12, 13 ಮತ್ತು 5 ಗಿಗಾಹರ್ಟ್ಸ್‌ನ 25 ಚಾನೆಲ್‌ಗಳಲ್ಲಿ ಬಾಯಿ ಬಿಡದೆ ಬೀಕನ್‌ಗಾಗಿ ಕಾಯುತ್ತದೆ. ಪ್ರೋಬ್ ಕಳುಹಿಸುವ ಚಾನೆಲ್‌ಗೆ ಸುಮಾರು 60 ಮಿಲಿಸೆಕೆಂಡ್, ಕಾಯುವ ಚಾನೆಲ್‌ಗೆ 111. ಸಂಪರ್ಕ ಇರುವಾಗ ನಮ್ಮ ಸ್ವಂತ ಚಾನೆಲ್ ಬಿಟ್ಟು 125 ಮಿಲಿಸೆಕೆಂಡ್‌ಗಿಂತ ಹೆಚ್ಚು ಹೊತ್ತು ಹೊರಗಿರುವ ಹಾಗೆ ಕಂಡರೆ ಕೋಡ್ ಸ್ಕ್ಯಾನ್ ನಿಲ್ಲಿಸಿ, ಸ್ವಂತ ಚಾನೆಲ್‌ಗೆ ಮರಳಿ, 200 ಮಿಲಿಸೆಕೆಂಡ್ ಕೆಲಸ ಮಾಡಿ ಮತ್ತೆ ಹೊರಡುತ್ತದೆ. ಅಂದರೆ ಕಾಯುವ ಪ್ರತಿ ಚಾನೆಲ್‌ನ ಬೆನ್ನಿಗೂ, ಪ್ರೋಬ್ ಕಳುಹಿಸುವ ಎರಡೆರಡು ಚಾನೆಲ್‌ಗಳ ಬೆನ್ನಿಗೂ 200 ಮಿಲಿಸೆಕೆಂಡ್‌ನ ಬಿಡುವು ಇದೆ. ಕೂಡಿ ನೋಡಿ, ನಿಮ್ಮ ಹತ್ತು ಸೆಕೆಂಡ್ ಸಿಗುತ್ತದೆ. ಅದರಲ್ಲಿ ಮೊದಲ ಬದಲಾವಣೆ ಉಳಿಸುವುದು 27 ಚಾನೆಲ್‌ಗೆ ತಲಾ 11 ಮಿಲಿಸೆಕೆಂಡ್, ಒಟ್ಟು ಸೆಕೆಂಡ್‌ನ ಮೂರನೆಯ ಒಂದು ಭಾಗವೂ ಆಗುವುದಿಲ್ಲ. ಹುಡುಗನಿಗೆ ಸಿಕ್ಕಿರುವ ವೇಗದ ಬಹುಪಾಲು ಎರಡನೆಯ ಬದಲಾವಣೆಯದು. ರೇಡಾರ್ ಗುರುತಿನ 16 ಚಾನೆಲ್ ಬಿಟ್ಟರೆ ಬಿಡುವೂ ಸೇರಿ ಐದು ಸೆಕೆಂಡ್ ಉಳಿಯುತ್ತದೆ.

ಕೋಡ್ ಮುಟ್ಟದೆಯೂ ಇದರಲ್ಲಿ ಸ್ವಲ್ಪ ಉಳಿಸಬಹುದು. ನಮ್ಮ ದೇಶದಲ್ಲಿ 2400ರಿಂದ 2483.5 ಮೆಗಾಹರ್ಟ್ಸ್ ಪರವಾನಗಿಯಿಲ್ಲದೆ ಬಳಸಬಹುದಾದ ತರಂಗಪಟ್ಟಿ, 2472ರ ಮೇಲೆ ಕೂರುವ ಚಾನೆಲ್ 13 ಅದರೊಳಗೇ ಇದೆ. 2018ರ ಅಕ್ಟೋಬರ್‌ನಲ್ಲಿ ದೂರಸಂಪರ್ಕ ಇಲಾಖೆ 5 ಗಿಗಾಹರ್ಟ್ಸ್‌ನಲ್ಲಿಯೂ 605 ಮೆಗಾಹರ್ಟ್ಸ್‌ನಷ್ಟನ್ನು ಹೀಗೆ ಮುಕ್ತಗೊಳಿಸಿತು. ಗಾಡಿಗಳಲ್ಲಿ ದೇಶದ ಸಂಕೇತವನ್ನು ಭಾರತ ಎಂದು ಹಾಕಿದರೆ 12, 13, 36ರಿಂದ 48 ಮತ್ತು 149ರಿಂದ 165ರ ವರೆಗಿನ ಚಾನೆಲ್‌ಗಳಲ್ಲಿ ಪ್ರೋಬ್ ಕಳುಹಿಸಲು ಅವಕಾಶ ಸಿಗುತ್ತದೆ. ಬಿಡುವುಗಳ ಸಂಖ್ಯೆಯೂ ಇಳಿಯುವುದರಿಂದ ಸುಮಾರು ಒಂದೂವರೆ ಸೆಕೆಂಡ್ ಉಳಿತಾಯ. ಕಾರ್ಡ್‌ನೊಳಗೇ ಬರೆದಿಟ್ಟ ನಿಯಮ ಇನ್ನೂ ಬಿಗಿಯಾಗಿದ್ದರೆ ಬಿಗಿಯಾದದ್ದೇ ನಡೆಯುತ್ತದೆ. ಆದ್ದರಿಂದ ಹಾಕಿದ ಮೇಲೆ 'ಐಡಬ್ಲ್ಯೂ ರೆಗ್ ಗೆಟ್' ಎಂಬ ಆದೇಶ ಕೊಟ್ಟು, ಯಾವ ನಿಯಮ ಜಾರಿಯಲ್ಲಿದೆ ಎಂದು ನೋಡಿ.

ಶಕ್ತಿನಗರದವಳು, ರಾಯಚೂರು

ಬಳ್ಳಾರಿಯ ಸರ್ ಸಮಯದ ಲೆಕ್ಕವನ್ನು ಪೂರ್ತಿ ಹೇಳಿದ್ದಾರೆ. ನಾನು ಮೂರನೆಯ ಬದಲಾವಣೆಯ ಬಗ್ಗೆ ಬರೆಯುತ್ತೇನೆ, ಏಕೆಂದರೆ ನೆನಪಿನ ಪಟ್ಟಿ ಎಂದು ಕೇಳಿದ ಕೂಡಲೇ ನಾನು ಎರಡು ಜಾಗಗಳನ್ನು ಹುಡುಕುತ್ತೇನೆ.

ಮೊದಲನೆಯದು, ಆ ಪಟ್ಟಿಯಲ್ಲಿ ಅವರು ಏನನ್ನು ನೆನಪಿಟ್ಟುಕೊಳ್ಳುತ್ತಿದ್ದಾರೆ ಎಂಬುದು. ಚಾನೆಲ್ ಯಾವುದು ಎಂಬುದನ್ನಷ್ಟೇ ಇಟ್ಟುಕೊಂಡಿದ್ದರೆ ತೊಂದರೆ ಕಡಿಮೆ. ಅದರ ಜೊತೆಗೆ 'ಇಲ್ಲಿ ಪ್ರೋಬ್ ಕಳುಹಿಸಬಹುದು' ಎಂಬ ತೀರ್ಮಾನವನ್ನೂ ಇಟ್ಟುಕೊಂಡಿದ್ದರೆ ಅದನ್ನು ಒಪ್ಪಲೇಬೇಡಿ. ಚಾನೆಲ್‌ನ ಗುರುತುಗಳು ಸ್ಥಿರವಲ್ಲ. ದೇಶದ ಸಂಕೇತ ಬದಲಾದಾಗ, ನಾವು ಸಂಪರ್ಕಗೊಂಡ ಆಕ್ಸೆಸ್ ಪಾಯಿಂಟ್ ತನ್ನ ಬೀಕನ್‌ನಲ್ಲಿ ಬೇರೆ ದೇಶವನ್ನು ಹೇಳಿದಾಗ ಕರ್ನೆಲ್ ಅವನ್ನು ತಿದ್ದುತ್ತದೆ. ಮೂಲ ಕೋಡ್ ಪ್ರತಿ ಚಾನೆಲ್‌ಗೆ ಹೋಗುವ ಗಳಿಗೆಯಲ್ಲಿ ಗುರುತನ್ನು ಹೊಸದಾಗಿ ಓದುವುದು ಈ ಕಾರಣಕ್ಕೇ. ಹಳೆಯ ತೀರ್ಮಾನವನ್ನು ನಂಬಿ ರೇಡಾರ್‌ಗೆ ಮೀಸಲಾದ ಚಾನೆಲ್‌ನಲ್ಲಿ ಪ್ರೋಬ್ ಕಳುಹಿಸಿದರೆ ಅದು ನಿಯಮದ ಉಲ್ಲಂಘನೆ, ಮತ್ತು ಅದರ ಹೊಣೆ ಗಾಡಿಯನ್ನು ಮಿಲ್‌ಗೆ ಕೊಟ್ಟವರ ಮೇಲೆ ಬರಬಹುದು.

ಎರಡನೆಯದು ಹೊರಗೆ ಬರುವ ದಾರಿಗಳು. ಸ್ಕ್ಯಾನ್ ಎಂಬುದು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ನಡೆಯುತ್ತ ಹೋಗುವ ಯಂತ್ರ: ಮುಂದೇನು ಎಂದು ತೀರ್ಮಾನಿಸು, ಚಾನೆಲ್ ಹೊಂದಿಸು, ಪ್ರೋಬ್ ಕಳುಹಿಸು, ನಿಲ್ಲಿಸಿ ಮನೆಗೆ ಮರಳು, ಮತ್ತೆ ಹೊರಡು, ರದ್ದು ಮಾಡು. ಇದರಲ್ಲಿ ಎಲ್ಲಿಂದ ಹೊರಬಿದ್ದರೂ ಸ್ಕ್ಯಾನ್ ಮುಗಿಯಿತು ಎಂಬ ಸುದ್ದಿಯನ್ನು ಒಂದು ಸಲ, ಒಂದೇ ಸಲ, ಕರ್ನೆಲ್‌ನಲ್ಲಿ ಮ್ಯಾಕ್80211ರ ಮೇಲಿರುವ ಸಿಎಫ್‌ಜಿ80211 ಪದರಕ್ಕೆ ಹೇಳಲೇಬೇಕು. ಹೇಳದೆ ಹೊರಟರೆ ಸ್ಕ್ಯಾನ್ ಇನ್ನೂ ನಡೆಯುತ್ತಿದೆ ಎಂದೇ ಕರ್ನೆಲ್ ತಿಳಿದಿರುತ್ತದೆ, ಮುಂದಿನ ಎಲ್ಲ ಸ್ಕ್ಯಾನ್‌ಗಳಿಗೂ 'ಡಿವೈಸ್ ಆರ್ ರಿಸೋರ್ಸ್ ಬಿಜಿ (-16)' ಎಂಬ ಉತ್ತರ ಬರುತ್ತದೆ, ಮತ್ತು ಇಂಟರ್‌ಫೇಸ್ ಇಳಿಸಿ ಏರಿಸುವ ತನಕ ಆ ಗಾಡಿ ಹೊಸ ಪಾಯಿಂಟ್ ಹುಡುಕುವುದೇ ಇಲ್ಲ. ಎರಡು ಸಲ ಹೇಳಿದರೆ ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಮುಟ್ಟಿದಂತಾಗಿ ಯಂತ್ರವೇ ಕುಸಿಯಬಹುದು. ಆದ್ದರಿಂದ ಅವರು ಹೊಸದಾಗಿ ಸೇರಿಸಿರುವ ಒಂದೊಂದು 'ರಿಟರ್ನ್' ಸಾಲಿನ ಮೇಲೂ ಬೆರಳಿಟ್ಟು, ಇಲ್ಲಿಂದ ಹೊರಟರೆ ಮುಗಿಯಿತೆಂದು ಯಾರು ಹೇಳುತ್ತಾರೆ ಎಂದು ಕೇಳಿ. ವಿಶೇಷವಾಗಿ ನೆನಪಿನ ಪಟ್ಟಿ ಖಾಲಿ ಇದ್ದಾಗ ಮತ್ತು ಸ್ಕ್ಯಾನ್ ನಡುವೆಯೇ ರದ್ದಾದಾಗ ಏನಾಗುತ್ತದೆ ಎಂಬುದನ್ನು ಕಾಗದದ ಮೇಲೆ ಬರೆದು ನೋಡಿ. ನಾನು ಈಗಲೂ ಪೆನ್ಸಿಲ್ ಹಿಡಿದೇ ಇದನ್ನು ಮಾಡುತ್ತೇನೆ.

ಪಟ್ಟಿಗೆ ಬರೆಯುವವರು ಯಾರು, ಓದುವವರು ಯಾರು, ಇಬ್ಬರೂ ಒಂದೇ ಲಾಕ್ (ಒಂದು ಸಲಕ್ಕೆ ಒಬ್ಬರೇ ಪಟ್ಟಿ ಮುಟ್ಟುವಂತೆ ಮಾಡುವ ಬೀಗ) ಹಿಡಿಯುತ್ತಾರೆಯೇ ಎಂಬುದನ್ನೂ ನೋಡಿ. ಬೀಕನ್ ಬಂದಾಗ ನಡೆಯುವ ಕೋಡ್ ಮತ್ತು ಸ್ಕ್ಯಾನ್ ನಡೆಸುವ ಕೋಡ್ ಬೇರೆ ಬೇರೆ ಸಂದರ್ಭಗಳಲ್ಲಿ ಓಡುತ್ತವೆ. ಮೊದಲನೆಯದು ನಿದ್ದೆ ಮಾಡುವಂತಿಲ್ಲ, ಆದ್ದರಿಂದ ಅಲ್ಲಿ ಸರದಿಗಾಗಿ ನಿದ್ದೆ ಮಾಡಿಸಬಲ್ಲ ಮ್ಯೂಟೆಕ್ಸ್ ಎಂಬ ಲಾಕ್ ಅನ್ನು ಹಿಡಿಯುವಂತಿಲ್ಲ.

ಪರೀಕ್ಷೆಗೆ ರೇಡಿಯೋ ಬೇಕಿಲ್ಲ. ಮ್ಯಾಕ್80211 ಎಚ್‌ಡಬ್ಲ್ಯೂಸಿಮ್ ಎಂಬ ಮಾಡ್ಯೂಲ್ ಕರ್ನೆಲ್‌ನಲ್ಲೇ ಇದೆ, ಒಂದೇ ಕಂಪ್ಯೂಟರ್‌ನೊಳಗೆ ಬೇಕಾದಷ್ಟು ಸುಳ್ಳು ರೇಡಿಯೋಗಳನ್ನು ಹುಟ್ಟಿಸುತ್ತದೆ. ಅದಕ್ಕೆ ಏಕಕಾಲದ ಚಾನೆಲ್‌ಗಳ ಸಂಖ್ಯೆ ಒಂದು ಎಂದಿರುವ ಮೂಲ ಹೊಂದಿಕೆಯನ್ನೇ ಉಳಿಸಿ, ಆಗ ಮಾತ್ರ ಅದು ನಿಮ್ಮ ಸಾಫ್ಟ್‌ವೇರ್ ಸ್ಕ್ಯಾನ್‌ನ ದಾರಿಯಲ್ಲಿ ನಡೆಯುತ್ತದೆ. ಹೆಚ್ಚಿಸಿದರೆ ಫರ್ಮ್‌ವೇರ್ ಸ್ಕ್ಯಾನ್‌ನ ಅನುಕರಣೆಗೆ ಹೋಗಿಬಿಡುತ್ತದೆ, ಪರೀಕ್ಷೆ ಪಾಸಾದಂತೆ ಕಂಡರೂ ಪ್ಯಾಚ್ ಓಡಿರುವುದೇ ಇಲ್ಲ. ಕರ್ನೆಲ್ ಅನ್ನು ಲಾಕ್‌ಡೆಪ್ (ಲಾಕ್‌ಗಳ ತಪ್ಪು ಹಿಡಿಯುವುದು) ಮತ್ತು ಕಾಸನ್ (ಮೆಮೊರಿಯ ತಪ್ಪು ಹಿಡಿಯುವುದು) ಸಹಿತ ಕಟ್ಟಿ, ಸ್ಕ್ಯಾನ್ ಅರ್ಧಕ್ಕೆ ಬಂದಾಗ ಇಂಟರ್‌ಫೇಸ್ ಅನ್ನು ಇಳಿಸಿ, ಮತ್ತೆ ಏರಿಸಿ, ಇದನ್ನೇ ಒಂದು ಲೂಪ್‌ನಲ್ಲಿ ರಾತ್ರಿಯಿಡೀ ಬಿಡಿ.

ಕಿನ್ನಾಳ ರಸ್ತೆ, ಕೊಪ್ಪಳ

ಎರಡನೆಯ ಬದಲಾವಣೆಯ ಬಗ್ಗೆ ಮಾತ್ರ ಎರಡು ಮಾತು. ರೇಡಾರ್ ಚಾನೆಲ್‌ಗಳನ್ನು ಬಿಡುವುದು ನಿಮ್ಮ ಮಿಲ್‌ಗೆ ಸರಿಯಿರಬಹುದು, ಆದರೆ ಅದು ನಿಮ್ಮ ಮಿಲ್‌ನ ತೀರ್ಮಾನ, ಕರ್ನೆಲ್‌ನದಲ್ಲ. ಚಾನೆಲ್ ಅನ್ನು ತಾನೇ ಆರಿಸಿಕೊಳ್ಳುವಂತೆ ಬಿಟ್ಟ ಆಕ್ಸೆಸ್ ಪಾಯಿಂಟ್ ಒಂದು ದಿನ 52ಕ್ಕೋ 100ಕ್ಕೋ ಹೋಗಿ ಕುಳಿತರೆ ಸಂಪರ್ಕದಲ್ಲಿರುವ ಯಾವ ಗಾಡಿಗೂ ಅದು ಕಾಣುವುದಿಲ್ಲ, ಏಕೆ ಕಾಣುವುದಿಲ್ಲ ಎಂಬುದನ್ನು ಯಾವ ಲಾಗ್ ಕೂಡ ಹೇಳುವುದಿಲ್ಲ. ಲಿನಕ್ಸ್‌ನಲ್ಲಿ ವೈಫೈ ಸಂಪರ್ಕ ಮಾಡಿಸುವ ಡಬ್ಲ್ಯೂಪಿಎ ಸಪ್ಲಿಕೆಂಟ್ ಎಂಬ ತಂತ್ರಾಂಶದ ಹೊಂದಿಕೆಯ ಕಡತದಲ್ಲಿ 'ಸ್ಕ್ಯಾನ್ ಫ್ರೀಕ್' ಎಂಬ ಸಾಲಿನಲ್ಲಿ ಯಾವ ತರಂಗಾಂತರಗಳನ್ನು ನೋಡಬೇಕೆಂದು ಬರೆಯುವ ಸೌಲಭ್ಯ ಮೊದಲಿನಿಂದಲೂ ಇದೆ. ಆಕ್ಸೆಸ್ ಪಾಯಿಂಟ್‌ಗಳನ್ನು 1, 6 ಮತ್ತು 11ರಲ್ಲಿ ಕಟ್ಟಿಹಾಕಿ, ಆ ಸಾಲಿನಲ್ಲಿ 2412, 2437, 2462 ಎಂದು ಬರೆದರೆ ಹುಡುಕಾಟ ಅರ್ಧ ಸೆಕೆಂಡ್‌ನ ಆಸುಪಾಸಿನಲ್ಲಿ ಮುಗಿಯಬೇಕು. ತಪ್ಪಾದರೆ ಒಂದು ಸಾಲು ಅಳಿಸಿದರೆ ಸಾಕು, ಕರ್ನೆಲ್ ಮತ್ತೆ ಕಟ್ಟಬೇಕಾಗಿಲ್ಲ. ಸಿಗ್ನಲ್ ಪೂರ್ತಿ ಇಳಿಯುವ ಮೊದಲೇ ಹುಡುಕಾಟ ಶುರು ಮಾಡಿಸಲು ಅದೇ ಕಡತದಲ್ಲಿ 'ಬಿಜಿಸ್ಕ್ಯಾನ್' ಎಂಬ ಸಾಲೂ ಇದೆ, ಅದನ್ನೂ ಓದಿಕೊಳ್ಳಿ.

ಅಳತೆಯನ್ನು ಗೋಡೌನ್ ತುಂಬಿರುವಾಗ ಮಾಡಿ. ಭತ್ತದ ಚೀಲ ಸೂರಿನ ತನಕ ಒಟ್ಟಿರುವಾಗ ಸಿಗ್ನಲ್ ಬರುವ ರೀತಿಗೂ ಖಾಲಿ ಗೋಡೌನ್‌ನಲ್ಲಿ ಬರುವ ರೀತಿಗೂ ಹೋಲಿಕೆಯೇ ಇರುವುದಿಲ್ಲ.

ಎಡದಂಡೆ, ಗಂಗಾವತಿ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ, ಏಕೆಂದರೆ ಹೇಳಿದ್ದನ್ನೆಲ್ಲ ಮಾಡಿ ನೋಡದೆ ಉತ್ತರಿಸುವುದು ಸರಿಯೆನಿಸಲಿಲ್ಲ.

ಕಾರಟಗಿಯ ಮಿಲ್‌ನ ಐದು ಗಾಡಿಗಳಲ್ಲಿ ಎರಡರದು ಫರ್ಮ್‌ವೇರ್ ಸ್ಕ್ಯಾನ್. ಅಂದರೆ ಪ್ಯಾಚ್ ಹಾಕಿದ್ದರೂ ಆ ಎರಡು ಗಾಡಿಗಳು ಮೊದಲಿನಂತೆಯೇ ಇರುತ್ತಿದ್ದವು, ಮತ್ತು ನಾವು ಬೇರೆಲ್ಲೋ ಕಾರಣ ಹುಡುಕುತ್ತಿದ್ದೆವು. ಐದರಲ್ಲಿ ಒಂದಕ್ಕೂ ದೇಶದ ಸಂಕೇತ ಹಾಕಿರಲಿಲ್ಲ. ಅದು ನನ್ನದೇ ಲೋಪ, ಗಾಡಿಗಳನ್ನು ಹೊಂದಿಸಿದವನು ನಾನು.

ರಾಯಚೂರಿನ ಮೇಡಂ ಹೇಳಿದಂತೆ ಹೊಸ 'ರಿಟರ್ನ್' ಸಾಲುಗಳನ್ನು ಹುಡುಗನ ಜೊತೆಯಲ್ಲೇ ಕುಳಿತು ಎಣಿಸಿದೆ. ನಾಲ್ಕು ಇದ್ದವು. ಮೂರನೆಯದರ ಮೇಲೆ ಬೆರಳಿಟ್ಟು ಕೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ಇಲ್ಲಿ ಯಾರೂ ಹೇಳುವುದಿಲ್ಲ" ಎಂದ. ಪಟ್ಟಿ ಖಾಲಿಯಿದ್ದು, ಅದೇ ಹೊತ್ತಿಗೆ ಸ್ಕ್ಯಾನ್ ರದ್ದಾದರೆ ಆ ಸಾಲಿನಿಂದ ಹೊರಬೀಳುತ್ತಿತ್ತು. ಸುಳ್ಳು ರೇಡಿಯೋಗಳಲ್ಲಿ ಲೂಪ್ ಹಾಕಿ ಬಿಟ್ಟೆವು. ಬೆಳಿಗ್ಗೆ ಬಂದು ನೋಡಿದಾಗ ಪರದೆಯ ತುಂಬ -16 ನಿಂತಿತ್ತು. ತಾನು ಬರೆದದ್ದರ ತಪ್ಪನ್ನು ತಾನೇ ಹಿಡಿದ ಕಾರಣಕ್ಕೋ ಏನೋ, ಅವನ ಮುಖದಲ್ಲಿ ಬೇಸರ ಕಾಣಲಿಲ್ಲ. ಪ್ರೋಬ್ ಕಳುಹಿಸಬಹುದೆಂಬ ತೀರ್ಮಾನವನ್ನೂ ಅವನು ಪಟ್ಟಿಯಲ್ಲಿ ಇಟ್ಟಿದ್ದ, ಅದನ್ನು ಆ ಕೂಡಲೇ ತೆಗೆದ.

ಸಮಯದ ಬದಲಾವಣೆಯನ್ನು ಕೈಬಿಟ್ಟಿದ್ದೇವೆ. 102.4ರ ಲೆಕ್ಕವನ್ನು ಅವನು ಆ ಸಾಲಿನ ಮೇಲೆ ಒಂದು ಟಿಪ್ಪಣಿಯಾಗಿ ಬರೆದಿಟ್ಟಿದ್ದಾನೆ, ಮುಂದೆ ಇನ್ನೊಬ್ಬರು ಅದನ್ನು ಮುಟ್ಟುವ ಮೊದಲು ಓದಲಿ ಎಂದು. ರೇಡಾರ್ ಚಾನೆಲ್‌ಗಳ ಬದಲಾವಣೆಯೂ ಹೋಯಿತು. ಗಾಡಿಗಳಿಗೆ ಈಗ ಮೂರು ತರಂಗಾಂತರಗಳ ಪಟ್ಟಿ ಮತ್ತು ಭಾರತದ ಸಂಕೇತ ಎರಡನ್ನೂ ಹಾಕಿದ್ದೇವೆ, ಕಣದಿಂದ ಗೋಡೌನ್‌ಗೆ ಹೋಗುವಾಗ ಸಾಫ್ಟ್‌ವೇರ್ ಸ್ಕ್ಯಾನ್‌ನ ಗಾಡಿಗಳಲ್ಲಿ ಒಂದು ಸೆಕೆಂಡ್ ಆಗುವ ಮೊದಲೇ ಹೊಸ ಪಾಯಿಂಟ್ ಸಿಗುತ್ತಿದೆ. ನೆನಪಿನ ಪಟ್ಟಿಯ ಪ್ಯಾಚ್ ಮಾತ್ರ ಬಾಕಿಯಿದೆ. ಬೀಕನ್ ಬರುವ ಕಡೆ ಯಾವ ಲಾಕ್ ಹಿಡಿಯಬೇಕೆಂಬುದು ನಮ್ಮಿಬ್ಬರಿಗೂ ಇನ್ನೂ ಸ್ಪಷ್ಟವಾಗಿಲ್ಲ. ಮೇಡಂ, ತಿದ್ದಿದ ಆ ಭಾಗವನ್ನು ಸೋಮವಾರ ಇಲ್ಲಿ ಹಾಕುತ್ತೇನೆ, ಬಿಡುವಾದಾಗ ಒಮ್ಮೆ ನೋಡಬೇಕೆಂದು ವಿನಂತಿ. ಗೋಡೌನ್ ಸದ್ಯ ಅರ್ಧ ಮಾತ್ರ ತುಂಬಿದೆ. ಸೂರಿನ ತನಕ ಒಟ್ಟಿದ ಮೇಲೆ ಇನ್ನೊಮ್ಮೆ ಅಳೆದು ಅದನ್ನೂ ತಿಳಿಸುತ್ತೇನೆ.